ಬಿಳಿ ರಕ್ತಕಣ ಹೆಚ್ಚಿದ್ದರೆ ಕ್ಯಾನ್ಸರ್ ರೋಗಿಗೆ ಒಳ್ಳೆಯದೇ?

ಪ್ರಶ್ನೆ: ನಮ್ಮ ಅಮ್ಮನಿಗೆ 62 ವರ್ಷ. ಮೊದಲಿನಿಂದಲೂ ಎಲೆ-ಅಡಿಕೆ ಹಾಕುವ ಅಭ್ಯಾಸವಿದ್ದು, ಈಗ ಎಡಗೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಇದೆಯೆಂದು ಬಯಾಪ್ಸಿಯಿಂದ ತಿಳಿದುಬಂದಿದೆ. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದಾರೆ. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 13,200, ಅದರಲ್ಲಿ ನ್ಯೂಟ್ರೋಫಿಲ್ ಶೇ 84, ಲಿಂಫೋಸೈಟ್ ಶೇ 10 ಎಂದಿದೆ. ಬಿಳಿ ಕಣ ಹೆಚ್ಚಿದ್ದಷ್ಟೂ ದೇಹ ಕ್ಯಾನ್ಸರನ್ನು ಎದುರಿಸುತ್ತದೆ ಎಂದು ನೆಂಟರೊಬ್ಬರು ಧೈರ್ಯ ಹೇಳಿ, ಅದನ್ನು ಇನ್ನಷ್ಟು ಹೆಚ್ಚಿಸಲೆಂದು ಅಮೃತಬಳ್ಳಿಯ ಪುಡಿ ಕೊಟ್ಟಿದ್ದಾರೆ. ಗಡ್ಡೆಯ ಸುತ್ತ ಲಿಂಫೋಸೈಟ್‌ಗಳು ಸೇರಿವೆ ಎಂದೂ ಬಯಾಪ್ಸಿ ವರದಿಯಲ್ಲಿದೆ. ಇಷ್ಟೆಲ್ಲ ಕಣಗಳಿದ್ದೂ ರೋಗ ಬೆಳೆದದ್ದು ಹೇಗೆ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಂಗನ ಕಾಯಿಲೆಯಲ್ಲಿ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಇಳಿಯುವುದನ್ನು ಕಂಡು ಹೆದರಿದ ನಮ್ಮ ಕಡೆಯ ಜನಕ್ಕೆ, ಕಣ ಏರಿದೆಯೆಂದರೆ ಸಮಾಧಾನವಾಗುವುದು ಸಹಜವೇ. ಆದರೆ ನಿಮ್ಮ ನೆಂಟರ ಲೆಕ್ಕ ಕ್ಯಾನ್ಸರಿನ ವಿಷಯದಲ್ಲಿ ಸರಿಹೋಗುವುದಿಲ್ಲ. ಬಿಳಿ ರಕ್ತಕಣಗಳೆಂದರೆ ಒಂದೇ ಜಾತಿಯ ಕಣಗಳಲ್ಲ. ಅವುಗಳಲ್ಲಿ ಗಡ್ಡೆಯನ್ನು ಕೊಲ್ಲುವವೂ ಇವೆ, ಕೊಲ್ಲುವವನ್ನು ತಡೆಯುವವೂ ಇವೆ, ತಿಳಿಯದೆಯೇ ಗಡ್ಡೆಯನ್ನು ಸಾಕುವವೂ ಇವೆ.

ಕೊಲ್ಲುವ ಕೆಲಸ ಮುಖ್ಯವಾಗಿ ಲಿಂಫೋಸೈಟ್‌ಗಳಲ್ಲಿ ಒಂದು ಬಗೆಯಾದ ಟಿ ಕಣಗಳದು. ಕ್ಯಾನ್ಸರ್ ಕೋಶದಲ್ಲಿ ವಂಶವಾಹಿ ಕೆಟ್ಟು ಹುಟ್ಟಿದ ಪ್ರೋಟೀನಿನ ತುಣುಕನ್ನು ಡೆಂಡ್ರಿಟಿಕ್ ಕಣವೆಂಬ ಮತ್ತೊಂದು ಬಿಳಿ ಕಣ ಎತ್ತಿಕೊಂಡು, ಕುತ್ತಿಗೆಯಲ್ಲಿರುವ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಒಯ್ದು, ಅಲ್ಲಿರುವ ಟಿ ಕಣಗಳಿಗೆ ತೋರಿಸುತ್ತದೆ. ಆ ತುಣುಕನ್ನು ಗುರುತಿಸಬಲ್ಲ ಟಿ ಕಣ ನೂರ್ಮಡಿ, ಸಾವಿರ್ಮಡಿಯಾಗಿ ಹೆಚ್ಚಿ, ರಕ್ತದ ಮೂಲಕ ಗಡ್ಡೆಯನ್ನು ತಲುಪಿ, ಕ್ಯಾನ್ಸರ್ ಕೋಶದ ಹೊದಿಕೆಗೆ ತೂತು ಕೊರೆದು, ಅದು ತಾನಾಗಿಯೇ ಸಾಯುವಂತೆ ಮಾಡುವ ಕಿಣ್ವಗಳನ್ನು ಒಳಗೆ ಬಿಡುತ್ತದೆ. ಬಯಾಪ್ಸಿಯಲ್ಲಿ ಕಂಡ ಲಿಂಫೋಸೈಟ್‌ಗಳಲ್ಲಿ ಇಂಥವೂ ಇರಬಹುದು. ಅವು ಗಡ್ಡೆಯ ಅಂಚಿನಲ್ಲಷ್ಟೇ ನಿಂತಿವೆಯೇ, ಒಳಗೂ ಇಳಿದಿವೆಯೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಒಳಗೆ ಇಳಿದಿರುವುದು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ.

ಹಾಗಿದ್ದೂ ರೋಗ ಬೆಳೆಯುವುದಕ್ಕೆ ಒಂದಲ್ಲ, ಹಲವು ದಾರಿಗಳಿವೆ. ಮೊದಲನೆಯದು ಮ್ಯಾಕ್ರೋಫೇಜ್ ಎಂಬ ಕಣದ್ದು. ಇದು ಗಾಯವಾದಲ್ಲಿಗೆ ಬಂದು ಕಸ ನುಂಗಿ, ನಂತರ ಹೊಸ ರಕ್ತನಾಳ ಮೂಡಿಸಿ ಗಾಯ ಮಾಯಿಸುವ ಕಣ. ವರ್ಷಗಟ್ಟಲೆ ಅಡಿಕೆ ಒತ್ತರಿಸಿಟ್ಟ ಕೆನ್ನೆ ಮಾಯದ ಗಾಯವಿದ್ದಂತೆ; ಅಲ್ಲಿಗೆ ಬಂದ ಮ್ಯಾಕ್ರೋಫೇಜ್‌ಗಳನ್ನು ಗಡ್ಡೆ ತನ್ನ ರಾಸಾಯನಿಕ ಸಂಕೇತಗಳಿಂದ ರಿಪೇರಿ ಕೆಲಸಕ್ಕೇ ಹಚ್ಚಿಬಿಡುತ್ತದೆ. ಅವು ಮೂಡಿಸಿದ ರಕ್ತನಾಳಗಳು ಗಡ್ಡೆಗೇ ಅನ್ನ-ನೀರು ಹೊರುತ್ತವೆ, ಜೊತೆಗೆ ಈ ಮ್ಯಾಕ್ರೋಫೇಜ್‌ಗಳು ಟಿ ಕಣಗಳ ಚುರುಕನ್ನೂ ತಗ್ಗಿಸುತ್ತವೆ. (ತಂಬಾಕಿಲ್ಲದಿದ್ದರೆ ಬರಿಯ ಅಡಿಕೆಯಿಂದ ಅಪಾಯವಿಲ್ಲ ಎಂಬ ಮಾತು ನಮ್ಮಲ್ಲಿ ಇಂದಿಗೂ ಕೇಳಿಬರುತ್ತದೆ. ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರ ವರದಿಯಲ್ಲೇ ಹೇಳಿದೆ. ಅಡಿಕೆ ತೋಟವನ್ನು ನಂಬಿ ಬದುಕುವ ಮನೆಗಳಲ್ಲಿ ಇದನ್ನು ಓದುವುದು ಹಿತವಲ್ಲ, ಬಲ್ಲೆ.)

ಎರಡನೆಯದು ನಿಯಂತ್ರಕ ಟಿ ಕಣಗಳದು. ನಮ್ಮದೇ ಅಂಗಾಂಗಗಳ ಮೇಲೆ ರೋಗನಿರೋಧಕ ವ್ಯವಸ್ಥೆ ತಿರುಗಿಬೀಳದಂತೆ ಇವು ಕಾಯುತ್ತವೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ತೋರಿಸಿಕೊಟ್ಟರು. ಆ ಕೆಲಸಕ್ಕಾಗಿ 2025ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಕ್ಯಾನ್ಸರ್ ನಮ್ಮದೇ ಕೋಶದಿಂದ ಹುಟ್ಟಿದ್ದಾದ್ದರಿಂದ ಅದಕ್ಕೂ ಈ ಕಾವಲು ಸಿಕ್ಕಿಬಿಡುತ್ತದೆ. ಬಯಾಪ್ಸಿಯಲ್ಲಿ ಇವೂ ಸಾಮಾನ್ಯ ಲಿಂಫೋಸೈಟ್‌ಗಳಂತೆಯೇ ಕಾಣುವುದರಿಂದ, ವಿಶೇಷ ಪರೀಕ್ಷೆಯಿಲ್ಲದೆ ಯಾವುದು ಯಾವ ಕಡೆಯದೆಂದು ಹೇಳಲಾಗದು.

ಇನ್ನೊಂದು ದಾರಿಯೆಂದರೆ ಕೊಲ್ಲುವ ಟಿ ಕಣಗಳೇ ಸೋತುಹೋಗುವುದು. ಈ ಕಣಗಳ ಮೈಮೇಲೆ ಪಿಡಿ-1 ಎಂಬ ಬ್ರೇಕಿನಂಥ ಪ್ರೋಟೀನ್ ಇದ್ದು, ಅನೇಕ ಗಡ್ಡೆಗಳು ಅದನ್ನು ಸದಾ ಒತ್ತಿಹಿಡಿಯುತ್ತವೆ. 1992ರಲ್ಲಿ ಇದನ್ನು ಪತ್ತೆಮಾಡಿದ ತಸುಕು ಹೊಂಜೊ ಅವರಿಗೆ, ಇಂಥದೇ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್ ಅವರೊಡನೆ 2018ರ ನೊಬೆಲ್ ಬಂತು. ಈ ಬ್ರೇಕನ್ನು ಬಿಡಿಸುವ ನಿವೊಲುಮ್ಯಾಬ್‌ನಂಥ ಔಷಧಿ ದುಬಾರಿ. ಆದರೆ ಗುಣವಾಗುವ ಹಂತ ಮೀರಿದ ತಲೆ-ಕುತ್ತಿಗೆ ಕ್ಯಾನ್ಸರಿನ ರೋಗಿಗಳಿಗೆ ಮೂರು ವಾರಕ್ಕೊಮ್ಮೆ ಬರಿಯ 20 ಮಿಲಿಗ್ರಾಂ, ಅಂದರೆ ವಾಡಿಕೆಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಮಾತ್ರೆಗಳ ಜೊತೆ ಕೊಟ್ಟಾಗ ಒಂದು ವರ್ಷ ಬದುಕಿದವರ ಪ್ರಮಾಣ ಶೇ 16ರಿಂದ ಶೇ 43ಕ್ಕೆ ಏರಿತೆಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2023ರಲ್ಲಿ ಪ್ರಕಟಿಸಿದರು. ನಿಮ್ಮ ತಾಯಿಯವರಿಗೆ ಶಸ್ತ್ರಚಿಕಿತ್ಸೆ ಸಾಧ್ಯವಿರುವಾಗ ಅದೇ ಮೊದಲ ದಾರಿ.

ಇನ್ನು 13,200ರ ಮಾತು. ವಯಸ್ಕರಲ್ಲಿ ಸುಮಾರು 4,000ದಿಂದ 11,000 ಸಾಮಾನ್ಯ. ಇಲ್ಲಿ ಏರಿರುವುದು ಸೋಂಕಾದಲ್ಲಿಗೆ ಮೊದಲು ಧಾವಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣ. ಟಿ ಕಣಗಳಿರುವ ಲಿಂಫೋಸೈಟ್ ಪಾಲು ಕುಗ್ಗಿದೆ. ಬಾಯಿಯ ಹುಣ್ಣಿಗೆ ಸೋಂಕು ತಗುಲಿದ್ದರೂ, ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೂ ಹೀಗಾಗುತ್ತದೆ. ಕೆಲವು ಗಡ್ಡೆಗಳು ತಾವೇ ರಕ್ತಕಣ ಹುಟ್ಟುವ ಮೂಳೆಮಜ್ಜೆಗೆ ಸಂಕೇತ ಕಳಿಸಿ ನ್ಯೂಟ್ರೋಫಿಲ್‌ಗಳನ್ನು ತರಿಸಿಕೊಳ್ಳುವುದೂ ಉಂಟು. ಹಲವು ಅಧ್ಯಯನಗಳಲ್ಲಿ ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತ ಹೆಚ್ಚಿದ್ದವರ ಚೇತರಿಕೆ ಹಿಂದೆಬಿದ್ದಿದೆ ಎಂಬುದು ನಿಜ; ಆದರೂ ಒಂದೇ ವರದಿ ಹಿಡಿದು ಭವಿಷ್ಯ ಹೇಳುವುದು ತಪ್ಪು. ಸೋಂಕಿದೆಯೇ ಎಂದು ಮೊದಲು ನೋಡಿಸಿ, ಶಸ್ತ್ರಚಿಕಿತ್ಸೆಗೆ ಮುಂಚೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ.

ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಯಕೃತ್ತಿನ ಮೇಲೆಯೇ ತಿರುಗಿಬಿದ್ದ ಪ್ರಕರಣಗಳು 2021ರಿಂದೀಚೆಗೆ ನಮ್ಮ ದೇಶದಲ್ಲೇ ವರದಿಯಾಗಿವೆ. ಅರಿವಳಿಕೆ, ಶಸ್ತ್ರಚಿಕಿತ್ಸೆ ಎದುರಿಗಿರುವಾಗ ಆ ಪುಡಿಯನ್ನು ಇಂದೇ ನಿಲ್ಲಿಸಿ, ಎಷ್ಟು ದಿನ ಕೊಟ್ಟಿದ್ದೀರೆಂಬುದನ್ನು ಮುಚ್ಚಿಡದೆ ಅಲ್ಲಿನ ವೈದ್ಯರಿಗೆ ತಿಳಿಸಿ. ಅವರು ಯಕೃತ್ತಿನ ಪರೀಕ್ಷೆಯನ್ನೂ ಸೇರಿಸಿ ಬರೆದುಕೊಡುತ್ತಾರೆ.