ಕೊರೊನಾ ಆದೇಶಗಳಿಗೆ ಬಲ ಎಲ್ಲಿಂದ ಬಂತು? ಕಾರವಾರದ ಜೆರಾಕ್ಸ್ ಅಂಗಡಿಯಿಂದ ಒಂದು ಉತ್ತರ

ಪ್ರಶ್ನೆ: ಕೊರೊನಾ ಬಂದಾಗ ರಾಜ್ಯ ಸರ್ಕಾರ ತುರ್ತು ಆದೇಶ ಹೊರಡಿಸಿ ಅಂಗಡಿ, ಮದುವೆ, ಗಡಿ ಎಲ್ಲವನ್ನೂ ಬಂದ್ ಮಾಡಿತಲ್ಲ, ಆ ಅಧಿಕಾರ ಯಾವ ಕಾನೂನಿನಲ್ಲಿತ್ತು? ತುರ್ತು ಪರಿಸ್ಥಿತಿ ಅಂತ ಘೋಷಣೆ ಆಗಿತ್ತಾ? ಮುಂದೆಯೂ ಹಾಗೆ ಮಾಡಬಹುದಾ?

ನಾನು ವಕೀಲನಲ್ಲ. ಕಾರವಾರದಲ್ಲಿ ಜೆರಾಕ್ಸ್ ಹೊಡೆದು, ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ನನ್ನದು. ಆದರೆ ಆ ಎರಡು ವರ್ಷ ನಮ್ಮೂರಿನಲ್ಲಿ ಸರ್ಕಾರಿ ಆದೇಶಗಳನ್ನು ನನ್ನಷ್ಟು ಓದಿದವರು ಜಾಸ್ತಿ ಜನ ಇರಲಿಕ್ಕಿಲ್ಲ. ಅಂಗಡಿ ಬಂದ್ ಇದ್ದಾಗಲೂ ಜನ ಮನೆಗೇ ಬರುತ್ತಿದ್ದರು. ಮೊಬೈಲ್ ಮುಂದೆ ಹಿಡಿದು, 'ಇದರಲ್ಲಿ ನಾವು ಬರ್ತೇವಾ ನೋಡು' ಅನ್ನುತ್ತಿದ್ದರು. ಮೀನಿನವರು, ಬೇಕರಿಯವರು, ಗೋವಾಕ್ಕೆ ಕೆಲಸಕ್ಕೆ ಹೋಗುವವರು, ಎಲ್ಲರದ್ದೂ ಅದೇ ಪ್ರಶ್ನೆ.

ಮೊದಲು ನಿಮ್ಮ ಎರಡನೇ ಪ್ರಶ್ನೆ ಮುಗಿಸಿಬಿಡುತ್ತೇನೆ. ತುರ್ತು ಪರಿಸ್ಥಿತಿ ಘೋಷಣೆ ಆಗಿರಲಿಲ್ಲ. ಸಂವಿಧಾನದ 352ನೇ ವಿಧಿಯ ತುರ್ತು ಪರಿಸ್ಥಿತಿಯನ್ನು ರಾಷ್ಟ್ರಪತಿಯವರೇ ಘೋಷಿಸಬೇಕು. ಅದಕ್ಕೆ ಯುದ್ಧ, ಹೊರಗಿನ ದಾಳಿ ಅಥವಾ ಸಶಸ್ತ್ರ ಬಂಡಾಯ ಇರಬೇಕು. ರೋಗ ಆ ಪಟ್ಟಿಯಲ್ಲೇ ಇಲ್ಲ. ರಾಜ್ಯ ಸರ್ಕಾರಕ್ಕಂತೂ ಆ ಅಧಿಕಾರವೇ ಇಲ್ಲ. ನಡೆದದ್ದೆಲ್ಲ ಮಾಮೂಲಿ ಕಾನೂನುಗಳ ಮೇಲೆಯೇ ನಡೆಯಿತು. ಹಾಗೆ ನೋಡಿದರೆ ಅದೇ ಹೆಚ್ಚು ಆಶ್ಚರ್ಯದ ಮಾತು, ಅಲ್ವಾ?

ಯಾವ ಕಾನೂನು ಅಂದರೆ, ಒಂದಲ್ಲ, ಮೂರು. ಒಂದರ ಮೇಲೊಂದು ಹೊದ್ದ ಕಂಬಳಿ ಇದ್ದ ಹಾಗೆ.

ಎಲ್ಲಕ್ಕಿಂತ ಹಳೆಯದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿಯಲ್ಲಿ ಪ್ಲೇಗ್ ಎದ್ದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ್ದು. ಆಗ ನಮ್ಮ ಜಿಲ್ಲೆ ಇದ್ದದ್ದೇ ಮುಂಬಯಿ ಪ್ರಾಂತ್ಯದಲ್ಲಿ. 1862ರಲ್ಲಿ ಮದ್ರಾಸಿನಿಂದ ಕಿತ್ತು ಅಲ್ಲಿಗೆ ಸೇರಿಸಿದ್ದರು. ಮೂಲ ಕಾಯ್ದೆಯಲ್ಲಿ ಇದ್ದದ್ದು ಬರೀ ನಾಲ್ಕು ಸೆಕ್ಷನ್. ಇರುವ ಕಾನೂನು ಸಾಲದು ಅನಿಸಿದರೆ ರಾಜ್ಯ ಸರ್ಕಾರ ತಾತ್ಕಾಲಿಕ ನಿಯಮ ಮಾಡಬಹುದು, ಮುರಿದವರಿಗೆ ಸರ್ಕಾರಿ ಆದೇಶ ಮೀರಿದ್ದಕ್ಕೆ ಐಪಿಸಿ (ಭಾರತೀಯ ದಂಡ ಸಂಹಿತೆ) 188ರ ಶಿಕ್ಷೆ, ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಕೇಸು ಹಾಕುವ ಹಾಗಿಲ್ಲ. ಹೆಚ್ಚುಕಡಿಮೆ ಇಷ್ಟೇ. ಎಷ್ಟು ದಿನ, ಎಷ್ಟರ ಮಟ್ಟಿಗೆ, ಒಂದು ಮಾತೂ ಇಲ್ಲ.

ಕರ್ನಾಟಕ ಮೊದಲು ಹಿಡಿದದ್ದು ಇದನ್ನೇ. 2020ರ ಮಾರ್ಚ್ 11ರಂದು ಕೋವಿಡ್ ನಿಯಮಾವಳಿ ಹೊರಡಿಸಿತು. ಮರುದಿನ, ಕಲಬುರಗಿಯಲ್ಲಿ ತೀರಿಕೊಂಡ ಹಿರಿಯರೊಬ್ಬರಿಗೆ ಇದ್ದದ್ದು ಕೊರೊನಾ ಅಂತ ಖಚಿತವಾಯಿತು. ದೇಶದ ಮೊದಲ ಕೋವಿಡ್ ಸಾವು ಅದು. ಆ ವರ್ಷ ಶಿರಸಿ ಮಾರಿಕಾಂಬಾ ಜಾತ್ರೆ ಮಾರ್ಚ್ ಮೊದಲ ವಾರದಲ್ಲೇ ಶುರುವಾಗಿತ್ತು. ನಾನೂ ಹೋಗಿ, ಜನರ ನಡುವೆ ನೂಕಿಸಿಕೊಂಡು, ಬೆಂಡು ಬತ್ತಾಸು ತಂದಿದ್ದೆ. ಜಾತ್ರೆ ಹತ್ತು ದಿನ ತಡವಾಗಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಜುಮ್ ಅನ್ನುತ್ತದೆ.

ಎರಡನೆಯದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಮಾರ್ಚ್ 25ರಿಂದ ದೇಶ ಬಂದ್ ಆದದ್ದು ಇದರ ಕೆಳಗೆ. ಆರೋಗ್ಯ ರಾಜ್ಯದ ವಿಷಯ, ಆದರೆ ಈ ಕಾಯ್ದೆಯಲ್ಲಿ ಮೇಲಿನ ಮಾತು ಕೇಂದ್ರದ್ದು. ಕೇಂದ್ರ ಕೊಟ್ಟ ಸಡಿಲಿಕೆಯನ್ನು ರಾಜ್ಯ ಬಿಗಿ ಮಾಡಬಹುದು, ಕೇಂದ್ರ ಹಾಕಿದ ಬಿಗಿಯನ್ನು ಸಡಿಲ ಮಾಡುವ ಹಾಗಿಲ್ಲ. ಏಪ್ರಿಲ್‌ನಲ್ಲಿ ಕೇರಳ ಹೋಟೆಲು, ಕ್ಷೌರದಂಗಡಿ ತೆರೆಯಲು ಹೊರಟಾಗ ಕೇಂದ್ರ ತಕರಾರು ತೆಗೆದದ್ದು ಇದೇ ಕಾರಣಕ್ಕೆ. ಇದೇ ಕಾಯ್ದೆ ಜಿಲ್ಲಾಧಿಕಾರಿಯನ್ನು ಜಿಲ್ಲಾ ವಿಪತ್ತು ಪ್ರಾಧಿಕಾರದ ಅಧ್ಯಕ್ಷರನ್ನಾಗಿ ಮಾಡಿ, ವಾಹನ ಓಡಾಟ ತಡೆಯುವ ಅಧಿಕಾರವನ್ನೂ ಕೊಡುತ್ತದೆ.

ಮೂರನೆಯದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 144, ಎಲ್ಲರ ಬಾಯಲ್ಲಿರುವುದು. ನಾಲ್ಕೈದು ಜನ ಗುಂಪುಗೂಡಬಾರದು ಅನ್ನುವುದು.

ಇಷ್ಟು ಗೊತ್ತಾದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಯಾರೇ ಆದೇಶ ತಂದರೂ ಮೊದಲು ಮೇಲಿನ ಪ್ಯಾರಾ ಓದುವುದು. ಅಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ಇರುತ್ತದೆ. ಕೊನೆಯಲ್ಲಿ ಯಾರ ಸಹಿ ಇದೆ ನೋಡುವುದು. ಬೆಂಗಳೂರಿನ ಮುಖ್ಯ ಕಾರ್ಯದರ್ಶಿಯದ್ದಾದರೆ ಇಲ್ಲಿನ ಅಧಿಕಾರಿಯ ಹತ್ತಿರ ಜಗಳ ಮಾಡಿ ಪ್ರಯೋಜನ ಇಲ್ಲ. ಜಿಲ್ಲಾಧಿಕಾರಿಯದ್ದಾದರೆ ಒಂದು ಮನವಿ ಕೊಟ್ಟು ನೋಡಬಹುದು. ಸೆಕ್ಷನ್ನೂ ಇಲ್ಲ, ಸಂಖ್ಯೆಯೂ ಇಲ್ಲ, ಬರೀ 'ಎಲ್ಲರಿಗೂ ಫಾರ್ವರ್ಡ್ ಮಾಡಿ' ಅಂತ ಇದ್ದರೆ ಅದು ಆದೇಶವೇ ಅಲ್ಲ.

ತಾರೀಖು ನೋಡುವುದನ್ನು ಮಾತ್ರ ಪೆಟ್ಟು ತಿಂದೇ ಕಲಿತೆ. ಲಾಕ್‌ಡೌನ್‌ನಲ್ಲಿ ಭಾವ ಬೈಕ್ ಹತ್ತಿ ಹೊರಟಾಗ, 'ಏನೂ ಆಗಲ್ಲ, ಇದರಲ್ಲಿ ಅವಕಾಶ ಇದೆ' ಅಂತ ಒಂದು ಪ್ರಿಂಟ್ ಕೈಗೆ ಕೊಟ್ಟೆ. ಅದು ನಾಲ್ಕು ದಿನದ ಹಿಂದಿನದು. ನಡುವೆ ತಿದ್ದುಪಡಿ ಬಂದಿತ್ತು. ಬೈಕ್ ಠಾಣೆ ಸೇರಿತು. ಕೊನೆಗೆ ಹೈಕೋರ್ಟ್ ದಾರಿ ಮಾಡಿಕೊಟ್ಟ ಮೇಲೆ ದುಡ್ಡು ಕಟ್ಟಿ ಬಿಡಿಸಿಕೊಂಡು ಬಂದೆವು. ಭಾವ ಇವತ್ತಿಗೂ ನನ್ನ ಹತ್ತಿರ ಯಾವ ಅರ್ಜಿಯನ್ನೂ ತುಂಬಿಸುವುದಿಲ್ಲ.

ಅದೇ 2020ರ ಡಿಸೆಂಬರ್‌ನಲ್ಲಿ ಇನ್ನೊಂದು ಆಯಿತು. ರಾತ್ರಿ ಕರ್ಫ್ಯೂ ಅಂತ ಆದೇಶ ಬಂತು. ಮೊದಲು 23ರಿಂದ ಅಂದರು, ಆಮೇಲೆ 24ರಿಂದ ಅಂದರು. ಸುತ್ತಲಿನ ಅಂಗಡಿಯವರಿಗೆಲ್ಲ ಅಂತ ಕಟ್ಟುಗಟ್ಟಲೆ ಪ್ರತಿ ಹೊಡೆದಿಟ್ಟೆ. 24ರಂದು, ಕರ್ಫ್ಯೂ ಶುರುವಾಗುವ ಮೊದಲೇ, ಆದೇಶ ವಾಪಸ್! ಆ ಕಾಗದದ ಹಿಂಬದಿಯಲ್ಲಿ ನನ್ನ ಮಗಳು ವರ್ಷವಿಡೀ ಲೆಕ್ಕ ಮಾಡಿದಳು.

ನಮ್ಮ ಕರಾವಳಿಯಲ್ಲಿ ಎರಡು ವಿಷಯ ಬೇರೆ ಊರಿಗಿಂತ ಹೆಚ್ಚು ಕಾಡಿದವು. ಒಂದು ಸಮುದ್ರ. 2020ರ ಮಾರ್ಚ್‌ನಲ್ಲಿ ನಮ್ಮ ಮೀನುಗಾರಿಕೆ ಬಂದರು ಬೈತಖೋಲ್‌ನ ಬೋಟುಗಳೆಲ್ಲ ದಡಕ್ಕೆ ಬಿದ್ದವು. ಏಪ್ರಿಲ್ 10ಕ್ಕೆ ಕೇಂದ್ರ ಮೀನುಗಾರಿಕೆಗೆ ವಿನಾಯಿತಿ ಕೊಟ್ಟಿತು. ಆದರೆ ಮಂಜುಗಡ್ಡೆ, ಲಾರಿ, ಕೊಳ್ಳುವವರು ಇಲ್ಲದೆ ಬೋಟು ಬಿಟ್ಟು ಏನು ಮಾಡುವುದು? ಕಾಗದದ ಮೇಲೆ ವಿನಾಯಿತಿ, ಬಂದರಿನಲ್ಲಿ ಮೌನ. ಕಳೆದುಹೋದ ದಿನಗಳಿಗೆ ಬದಲಾಗಿ ಆ ವರ್ಷದ ಮಳೆಗಾಲದ ನಿಷೇಧವನ್ನು 61 ದಿನದಿಂದ 47ಕ್ಕೆ ಇಳಿಸಿದರು. ಜೂನ್ 15ರಿಂದ ಜುಲೈ 31. ಜೂನ್ ಸಮುದ್ರ ಹೇಗಿರುತ್ತದೆ ಅಂತ ಬೋಟಿನವರನ್ನೇ ಕೇಳಬೇಕು.

ಇನ್ನೊಂದು ಗಡಿ. ಮಾಜಾಳಿ ದಾಟಿದರೆ ಗೋವಾ. ನಮ್ಮಲ್ಲಿ ಎಷ್ಟೋ ಜನರಿಗೆ ಅದು ಬೇರೆ ರಾಜ್ಯವೇ ಅಲ್ಲ. ಕೆಲಸ ಅಲ್ಲಿ, ಊಟ ಇಲ್ಲಿ. ಅಕ್ಕ ಅಲ್ಲಿ, ತಮ್ಮ ಇಲ್ಲಿ. 2020ರ ಮೇನಲ್ಲಿ ಸೇವಾ ಸಿಂಧು ಪಾಸ್‌ಗೆ ಅರ್ಜಿ ತುಂಬಿ ತುಂಬಿ ನನ್ನ ಬೆರಳು ಸವೆದವು. 2021ರ ಮೇನಲ್ಲಿ ಗೋವಾದ ಹೈಕೋರ್ಟ್ ಪೀಠದ ಆದೇಶದಂತೆ ಒಳಗೆ ಬರುವವರಿಗೆ ನೆಗೆಟಿವ್ ವರದಿ ಕಡ್ಡಾಯವಾಯಿತು. ದಿನಾ ಹೋಗಿ ಬರುವವನು ದಿನಾ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲಿಕ್ಕೆ ಆಗುತ್ತದಾ? ಹಾಗಂತ ಗಡಿ ಮುಚ್ಚಿದರೆ ಸುಮ್ನೆ ಗೋವಾವನ್ನು ಬಯ್ಯುವ ಹಾಗೂ ಇಲ್ಲ. ನಮ್ಮ ಕರ್ನಾಟಕವೇ 2020ರಲ್ಲಿ ಕೇರಳದ ಗಡಿ ರಸ್ತೆಗಳಿಗೆ ಮಣ್ಣು ಸುರಿದಿತ್ತು. ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರಲಾಗದೆ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಭಟ್ಕಳದ ಕಥೆ ಬೇರೆ. ದುಬೈಯಿಂದ ಬಂದವರಿಂದ ಶುರುವಾಗಿ ಅಲ್ಲಿ ಪ್ರಕರಣ ಹೆಚ್ಚಾದವು. ರೋಗಿಗಳನ್ನು ಇಲ್ಲಿಗೆ, ಕದಂಬ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ತಂದು ಗುಣಪಡಿಸಿದರು. ಮೇ ಆರಂಭದ ಕೇಂದ್ರದ ಪಟ್ಟಿಯಲ್ಲಿ ನಮ್ಮ ಇಡೀ ಜಿಲ್ಲೆ ಕಿತ್ತಳೆ ವಲಯ, ಅಂದರೆ ಕೆಂಪಿಗೂ ಹಸಿರಿಗೂ ನಡುವಿನದು. ಘಟ್ಟದ ಮೇಲಿನ ಶಿರಸಿಯವರು, 'ಅವರ ಊರಿನ ಜ್ವರಕ್ಕೆ ನಮಗ್ಯಾಕೆ ಕಷಾಯ' ಅನ್ನುತ್ತಿದ್ದರು. ಭಟ್ಕಳದವರ ಬಗ್ಗೆ ಆಗ ಆಡಿದ ಕೆಲವು ಮಾತು ನೆನೆದರೆ ನಾಚಿಕೆಯಾಗುತ್ತದೆ. ನಾನೂ ಒಂದೆರಡು ಆಡಿದ್ದೇನೆ.

ಹಾಗಾದರೆ ಈ ಅಧಿಕಾರಕ್ಕೆ ಮಿತಿಯೇ ಇಲ್ಲವಾ? ಇದೆ. 2020ರ ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆವರೆಗೆ ದುಡಿಸಬಹುದು ಅಂತ ಅಧಿಸೂಚನೆ ಹೊರಡಿಸಿತು. ಅದಕ್ಕೆ ಬಳಸಿದ್ದು ಕಾರ್ಖಾನೆ ಕಾಯ್ದೆಯಲ್ಲಿರುವ 'ಸಾರ್ವಜನಿಕ ತುರ್ತು ಸ್ಥಿತಿ' ಅನ್ನುವ ಮಾತು. ಹೈಕೋರ್ಟ್‌ನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್ 11ಕ್ಕೆ ವಾಪಸ್ ಪಡೆಯಿತು. ಗುಜರಾತ್ ಅಂಥದ್ದೇ ಮಾಡಿದ್ದಕ್ಕೆ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದೇ ಮಾಡಿತು. ಕಾಯ್ದೆಯ ಆ ಮಾತಿಗೆ ದೇಶದ ಭದ್ರತೆಗೆ ಅಪಾಯ ತರುವ ಆಂತರಿಕ ಗಲಭೆಯಂಥದ್ದು ಇರಬೇಕು, ಕೊರೊನಾ ಅಂಥದ್ದಲ್ಲ ಅಂತ ಹೇಳಿತು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ರೋಗ ತಡೆಯಲಿಕ್ಕೆ ಅಂಗಡಿ ಮುಚ್ಚಿಸುವುದು ಬೇರೆ, ರೋಗದ ಹೆಸರಿನಲ್ಲಿ ಜಾಸ್ತಿ ದುಡಿಸುವುದು ಬೇರೆ.

ಇನ್ನು, ಮುಂದೆಯೂ ಮಾಡಬಹುದಾ? ಖಂಡಿತ ಮಾಡಬಹುದು. ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಗಲಾಟೆ ಆದ ಕೂಡಲೇ, 2020ರ ಏಪ್ರಿಲ್‌ನಲ್ಲಿ, ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆ ಮಾಡಿಕೊಂಡಿತು. ವಿಪತ್ತು ಕಾಯ್ದೆಯೂ ಜಾರಿಯಲ್ಲೇ ಇದೆ. 2024ರ ಜುಲೈ 1ರಿಂದ ಐಪಿಸಿ 188 ಹೋಗಿ ಭಾರತೀಯ ನ್ಯಾಯ ಸಂಹಿತೆಯ 223 ಬಂದಿದೆ. 144ರ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 163 ಬಂದಿದೆ. ಮೊನ್ನೆ ಅಂಗಡಿಗೆ ಬಂದವರೊಬ್ಬರಿಗೆ ಈ 163ರ ವಿಷಯ ಹೇಳಿದೆ. 'ಹೌದಾ? ಅಂದ್ರೆ 144 ತಾನೇ?' ಅಂದರು.