ಬ್ಯಾಂಕಿನ ದಂಡ, ಸೈನಿಕರ ನಿಧಿ

ಕೊಡಗಿನಿಂದ ನಿವೃತ್ತ ಹವಾಲ್ದಾರರೊಬ್ಬರ ಪತ್ರ: "ಲಂಡನ್ನಲ್ಲಿ ಮೋಸ ಮಾಡಿದ ಬ್ಯಾಂಕುಗಳಿಗೆ ದಂಡ ಹಾಕಿ ಆ ದುಡ್ಡನ್ನ ಸೈನಿಕರ ಸಂಸ್ಥೆಗಳಿಗೆ ಕೊಟ್ರಂತೆ, ನಮ್ಮಲ್ಲಿ ಯಾಕೆ ಹೀಗೆ ಮಾಡಲ್ಲ?"

ಹವಾಲ್ದಾರ್ ಸಾಹೇಬ್ರೇ, ನೀವು ಕೇಳಿದ್ದು ನಿಜಾನೇ. ಅದು ಲೈಬಾರ್ ಹಗರಣ. ದಿನಾ ಬೆಳಗ್ಗೆ ದೊಡ್ಡ ಬ್ಯಾಂಕುಗಳು "ನಮಗಿವತ್ತು ಇಷ್ಟು ಬಡ್ಡಿಗೆ ಸಾಲ ಸಿಗುತ್ತೆ" ಅಂತ ಒಂದು ನಂಬರ್ ಕೊಡ್ತಿದ್ವು, ಅದರಿಂದ ಬಂದ ಲೈಬಾರ್ ಅನ್ನೋ ದರದ ಮೇಲೆ ಪ್ರಪಂಚದ ಎಷ್ಟೋ ಸಾಲಗಳ ಬಡ್ಡಿ ನಿಂತಿತ್ತು, ಅಂದ್ರೆ ತೂಕ ಹೇಳೋನೇ ವ್ಯಾಪಾರಿ, ತಕ್ಕಡಿಗೆ ಬೆರಳು ಒತ್ತದೇ ಇರ್ತಾನಾ? 2012ರ ಜೂನ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಸುಳ್ಳು ನಂಬರ್ ಕೊಟ್ಟು ಸಿಕ್ಕಿಬಿತ್ತು, ಬ್ರಿಟನ್ನಲ್ಲಿ 5.95 ಕೋಟಿ ಪೌಂಡ್ ದಂಡ. ಅದೇ ವರ್ಷ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕ್‌ಗೆ 16 ಕೋಟಿ.

ಅಲ್ಲೀವರೆಗಿನ ಪದ್ಧತಿ ಕೇಳಿದ್ರೆ ನಗು ಬರುತ್ತೆ. ದಂಡದ ದುಡ್ಡಲ್ಲಿ ಮಿಕ್ಕ ಹಣಕಾಸು ಸಂಸ್ಥೆಗಳು ನಿಯಂತ್ರಕರಿಗೆ ಕಟ್ಟೋ ಫೀಸ್ ಕಡಿಮೆ ಆಗ್ತಿತ್ತು, ಕಳ್ಳ ಸಿಕ್ಕಿಬಿದ್ರೆ ಪಕ್ಕದಂಗಡಿಯವನ ಬಾಡಿಗೆ ಇಳಿದ ಹಾಗೆ! ಅದನ್ನ ಬದಲಿಸಿ ದಂಡ ಸರ್ಕಾರದ ಖಜಾನೆಗೇ ಬರೋ ಹಾಗೆ ಮಾಡಿದ್ದು ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್. ಮೊದಲಿಗೆ 3.5 ಕೋಟಿ ಪೌಂಡ್ ಸೈನಿಕರ ಸಂಸ್ಥೆಗಳಿಗೆ ಅಂದ್ರು, ಆಮೇಲೆ ಏರ್ ಆಂಬ್ಯುಲೆನ್ಸ್‌ನಂಥ ತುರ್ತು ಸೇವೆಗಳಿಗೂ ಹೋಯ್ತು, ಗಾಯಾಳು ಸೈನಿಕರ ಇನ್‌ವಿಕ್ಟಸ್ ಕ್ರೀಡಾಕೂಟಕ್ಕೂ ಒಂದಿಷ್ಟು.

ಆದ್ರೆ ನನಗೊಂದು ಕಸಿವಿಸಿ. ಬಜೆಟ್ ದಿನ ಮಂತ್ರಿ ಎದ್ದು ನಿಂತು ಇವರಿಗಿಷ್ಟು ಅವರಿಗಿಷ್ಟು ಅಂತ ಹಂಚಿದ್ರೆ ಚಪ್ಪಾಳೆ ಬೀಳುತ್ತೆ ಸರಿ, ಲೆಕ್ಕ ಕೇಳೋರು ಯಾರು? 2017ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ ಕೇಳ್ತು, ಕೊಟ್ಟ ದುಡ್ಡೆಲ್ಲ ಹೇಳಿದ ಕೆಲಸಕ್ಕೇ ಖರ್ಚಾಗಿದೆ ಅಂತ ಖಜಾನೆಯವರು ಪೂರ್ತಿ ಖಾತ್ರಿ ಕೊಡೋಕಾಗಲಿಲ್ಲ. ಇನ್ನೊಂದು, ಬ್ಯಾಂಕುಗಳು ಮೋಸ ಮಾಡಿದ ವರ್ಷ ಮಾತ್ರ ದುಡ್ಡು. ಸುಮ್ಮನಿದ್ದ ವರ್ಷ? ಕಾಲು ಕಳ್ಕೊಂಡ ಸೈನಿಕನಿಗೆ ಕೃತಕ ಕಾಲು ಬೇಕಾಗೋದು ಹಗರಣದ ಕ್ಯಾಲೆಂಡರ್ ನೋಡ್ಕೊಂಡಲ್ಲ.

ನಮ್ಮಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ವಸೂಲಿ ಮಾಡೋ ದಂಡ ಭಾರತದ ಸಂಚಿತ ನಿಧಿಗೆ, ಅಂದ್ರೆ ಸರ್ಕಾರದ ಮುಖ್ಯ ಖಜಾನೆಗೆ ಹೋಗುತ್ತೆ, ಅಲ್ಲಿಂದ ಹೊರಗೆ ಬರಬೇಕಾದ್ರೆ ಸಂಸತ್ತಿನ ಒಪ್ಪಿಗೆ ಬೇಕು. ನೀರಸ ದಾರಿ, ನಿಮ್ಮ ಥರದವರಿಗೆ ಕೋಪ ಬರೋದೂ ಸಹಜ. ಆದ್ರೂ ನನ್ನ ಓಟು ಅದಕ್ಕೇ. ನಿಮ್ಮ ಪಿಂಚಣಿ, ಆಸ್ಪತ್ರೆ ಖರ್ಚು ಬಜೆಟ್ಟಲ್ಲಿ ಹಕ್ಕಾಗಿ ಬರಲಿ, ಯಾವನೋ ಬ್ಯಾಂಕ್ ಟ್ರೇಡರ್ ಸಿಕ್ಕಿಬೀಳೋದನ್ನ ನೀವ್ಯಾಕೆ ಕಾಯಬೇಕು?