ಕ್ಯಾಲಿಫೋರ್ನಿಯಾದಲ್ಲಿ ಕೊಂಡ ವೈನನ್ನು ಟೆಕ್ಸಾಸಿನ ಮನೆಗೆ ಕಳಿಸಲು ಅಗ್ಗದ ಕೊರಿಯರ್ ಯಾವುದು?

ಕೊರಿಯರ್ ಹುಡುಕುವುದನ್ನು ದಯವಿಟ್ಟು ನಿಲ್ಲಿಸಿ. ಡಲ್ಲಾಸಿನಲ್ಲಿರುವ ನಾನೂ ಕ್ಯಾಲಿಫೋರ್ನಿಯಾದ ವೈನ್ ನಾಡಾದ ನಾಪಾಕ್ಕೆ ಹೋದಾಗ ಅದನ್ನೇ ಹುಡುಕಿದವನು. ವೈನ್ ತಯಾರಿಸುವ ವೈನರಿಯಲ್ಲಿ ರುಚಿ ನೋಡಿ ಮೆಚ್ಚಿದ ಕ್ಯಾಬರ್ನೆ ಎಂಬ ಕೆಂಪು ವೈನ್, ಊರೊಳಗಿನ ಅಂಗಡಿಯಲ್ಲಿ ಬಾಟಲಿಗೆ ಕೆಲವು ಡಾಲರ್ ಕಡಿಮೆಗೆ ಸಿಕ್ಕಿತೆಂದು 12 ಬಾಟಲಿಗಳ ಪೆಟ್ಟಿಗೆಯನ್ನೇ ಕೊಂಡುಬಿಟ್ಟೆ. ಎಡವಿದ್ದು ಅಲ್ಲಿಯೇ. ಬಾಟಲಿ ಅದೇ ಆದರೂ ಕಾನೂನು ನೋಡುವುದು ಮಾರಿದವರು ಯಾರು ಎಂಬುದನ್ನು. ಯಾವುದೇ ರಾಜ್ಯ ತನ್ನ ವೈನರಿಗಳಿಗೆ ಗ್ರಾಹಕರ ಮನೆಗೆ ಕಳಿಸಲು ಬಿಟ್ಟು ಹೊರರಾಜ್ಯದ ವೈನರಿಗಳನ್ನು ತಡೆಯುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಪಿತ್ತಿತು. ಟೆಕ್ಸಾಸ್ ಕೂಡ ಹೊರಗಿನ ವೈನರಿಗಳಿಗೆ ಪರವಾನಗಿ ಕೊಡುತ್ತದೆ. ಅಂಗಡಿಗಳಿಗೆ ಆ ಭಾಗ್ಯವಿಲ್ಲ. ಹೊರರಾಜ್ಯದ ಅಂಗಡಿಗಳನ್ನು ಟೆಕ್ಸಾಸ್ ತಡೆದದ್ದನ್ನು 2010ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಹಾಗಾಗಿ ಟೆಕ್ಸಾಸ್ ಎಂದೊಡನೆ ಅಂಗಡಿಯವರು ಕೈಚೆಲ್ಲಿದರು. ನಾನೇ ಕಳಿಸುತ್ತೇನೆಂದು ಪೆಟ್ಟಿಗೆ ಹೊತ್ತು ಕೊರಿಯರ್ ಕೌಂಟರಿಗೆ ಹೋದರೆ, ಪರವಾನಗಿ ಹಾಗೂ ತಮ್ಮೊಡನೆ ಒಪ್ಪಂದ ಇರುವವರಿಂದ ಮಾತ್ರ ಮದ್ಯ ಪಡೆಯುವುದಾಗಿ ಹೇಳಿದರು. ಅಂಚೆಯಲ್ಲಂತೂ ಫೆಡರಲ್ ಕಾನೂನೇ ಅಡ್ಡ. ಕೊನೆಗೆ ಬಟ್ಟೆ ಸುತ್ತಿ ಸೂಟ್‌ಕೇಸಿನಲ್ಲಿ ಹಿಡಿಸಿದಷ್ಟನ್ನು ವಿಮಾನದಲ್ಲಿ ತಂದೆ. ಉಳಿದದ್ದು ಸ್ಯಾನ್ ಹೋಸೆಯ ಗೆಳೆಯನ ಪಾಲಾಯಿತು. ಉಳಿಸಿದ ಡಾಲರುಗಳ ಹಲವು ಪಟ್ಟು ಹೀಗೆ ಕೈಬಿಟ್ಟಿತು.

ಒಂದೇ ದೇಶದೊಳಗೆ ಇದೇನು ಎನ್ನಬೇಡಿ. ಗೋವಾದಿಂದ ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಚೀಲ ತೆರೆಸಿಕೊಂಡವರಿಗೆ ಇದು ಹೊಸತಲ್ಲ. ಅಮೆರಿಕದ ಸಂವಿಧಾನದ 1933ರ 21ನೇ ತಿದ್ದುಪಡಿ ಪಾನನಿಷೇಧವನ್ನು ತೆಗೆದಾಗ ಮದ್ಯದ ಮೇಲಿನ ಹಿಡಿತವನ್ನು ರಾಜ್ಯಗಳ ಕೈಗೇ ಒಪ್ಪಿಸಿತು. ಯೂಟಾದಲ್ಲಿರುವವರಿಗೆ ವೈನರಿಯೂ ಮನೆಗೆ ಕಳಿಸುವಂತಿಲ್ಲ.

ಆದ್ದರಿಂದ ಬೆಲೆ ಹೆಚ್ಚಾದರೂ ವೈನರಿಯಲ್ಲೇ ಕೊಳ್ಳಿ. ಹಣ ಕೊಡುವ ಮೊದಲು ಟೆಕ್ಸಾಸಿನ ಪರವಾನಗಿ ಇದೆಯೇ ಎಂದು ಕೇಳಿ. ಒಂದು ವೈನರಿ ಒಬ್ಬರಿಗೆ ತಿಂಗಳಿಗೆ 9 ಗ್ಯಾಲನ್, ಅಂದರೆ ಸುಮಾರು 45 ಬಾಟಲಿ ಕಳಿಸಬಹುದು. ನಿಮಗೆ ಅಷ್ಟು ಸಾಲದಿದ್ದರೆ ಅದು ಬೇರೆ ಪ್ರಶ್ನೆ. ಪೆಟ್ಟಿಗೆ ತಲುಪುವಾಗ 21 ತುಂಬಿದವರು ಸಹಿ ಹಾಕಬೇಕಾದ್ದರಿಂದ ಹಗಲು ಯಾರಾದರೂ ಇರುವ ವಿಳಾಸವನ್ನೇ ಕೊಡಿ. ಬೇಸಿಗೆಯಲ್ಲಿ ಕೊಂಡರೆ ಅಕ್ಟೋಬರಿನ ನಂತರ ಕಳಿಸಲು ಹೇಳಿ, ಏಕೆಂದರೆ ಇಲ್ಲಿನ ಜುಲೈ ಬಿಸಿಲಿನಲ್ಲಿ ಲಾರಿಯೊಳಗೆ ಕುಳಿತ ವೈನ್ ಕುಡಿಯಲು ಯೋಗ್ಯವಾಗಿ ಉಳಿಯುವುದು ಕಷ್ಟ.